ಮಗ್ಗದ ಗುಂಡಿಯ ಮೇಲೆ

ಸಿರುಮುಗೈಯ ನಮ್ಮ ಮನೆಯಲ್ಲಿ ಅಪ್ಪ ಕಾಲು ಇಳಿಬಿಟ್ಟು ಕೂತು ರೇಷ್ಮೆ ನೇಯುತ್ತಿದ್ದ ಮಗ್ಗದ ಗುಂಡಿಗೆ ನಾನೇ ಕಾಂಕ್ರೀಟ್ ತುಂಬಿಸಿ, ಅದರ ಮೇಲೆ ಮರ ಕೆತ್ತುವ ಕಂಪ್ಯೂಟರ್ ಯಂತ್ರ ನಿಲ್ಲಿಸಿದ್ದೇನೆ. ಅಪ್ಪ ತೀರಿಕೊಂಡು ಮೂರು ವರ್ಷ. ನಮ್ಮ ನೇಕಾರರು ಅಮಾವಾಸ್ಯೆಯಂದು ಮಗ್ಗ ಮುಟ್ಟುವುದಿಲ್ಲ.

“ಸೆಲ್ವಾ, ಇವತ್ತು ಅಮಾಸೆ. ಓಡಿಸಬ್ಯಾಡ,” ಎಂದಳು ಅಮ್ಮ, ಯಂತ್ರ ಬಂದ ಮೇಲಿನ ಮೊದಲ ಅಮಾವಾಸ್ಯೆಯಂದು.

“ಇದು ಮಗ್ಗ ಅಲ್ಲಮ್ಮ, ಮಿಷಿನ್ನು,” ಎಂದು ಸ್ವಿಚ್ ಒತ್ತಿದೆ.

ತೇಗದ ಹಲಗೆಯ ಮೇಲೆ ಹನ್ನೆರಡು ಹಂಸಗಳು ಮೂಡಬೇಕಿತ್ತು, ಎಲ್ಲವೂ ಬಲಕ್ಕೆ ನೋಡುವಂಥವು. ಐದನೆಯದನ್ನು ಕೆತ್ತುವಾಗ, ಮಟಮಟ ಮಧ್ಯಾಹ್ನ, ಕರೆಂಟು ಹೋಯಿತು. ಯಂತ್ರ ನಿಂತಿತು. ಅದರ ಗದ್ದಲದಲ್ಲಿ ಮುಚ್ಚಿಹೋಗಿದ್ದ, ಕಾಲಡಿಯಲ್ಲಿ ಲಾಳಿ ಓಡುವ ಸದ್ದು ಮಾತ್ರ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ನಿಂತೆ. ನೆಲ ಒದ್ದೆ ಬಟ್ಟೆಯಂತೆ ತಣ್ಣಗಿತ್ತು.

“ಅಪ್ಪಾ, ಹೊಟ್ಟೆಪಾಡು ನಂದು. ನಾನು ನಿಲ್ಲಿಸಲ್ಲ,” ಎಂದು ನೆಲಕ್ಕೆ ಕಾಲು ಅಪ್ಪಳಿಸಿದೆ. ಸದ್ದು ನಿಂತಿತು. ಕರೆಂಟು ಬಂತು. ಕೆಲಸ ಮುಗಿಸಿದೆ.

ದೂಳು ಒರೆಸಿದಾಗ ಐದನೆಯ ಹಂಸ ಕತ್ತು ಹೊರಳಿಸಿ ಹಿಂದೆ ನೋಡುತ್ತಿತ್ತು. ಕಂಪ್ಯೂಟರಿನ ಚಿತ್ರದಲ್ಲಿ ಹನ್ನೆರಡೂ ಬಲಕ್ಕೇ ಇದ್ದವು.

ಮುಂದಿನ ಅಮಾವಾಸ್ಯೆಗೂ ಓಡಿಸಿದೆ. ಆ ಸಲ ಎರಡು ಹೊರಳಿದ್ದವು. ಎರಡೂ ಹಲಗೆಗಳನ್ನು ನನ್ನ ಮನೆಬಾಗಿಲಿಗೇ ಜಡಿದಿದ್ದೇನೆ, ಯಾರು ಬೇಕಾದರೂ ನೋಡಲಿ.

ಇವತ್ತೂ ಅಮಾವಾಸ್ಯೆ. ಹೊಸ ಹಲಗೆ ಬಿಗಿದಾಗಿದೆ. ನಾನಿನ್ನೂ ಸ್ವಿಚ್ ಒತ್ತಿಲ್ಲ. ಕಾಲಡಿಯಲ್ಲಿ ಕೆಲಸ ಆಗಲೇ ಶುರುವಾಗಿದೆ.