ಷಡ್ಡಕನ ಗ್ಲಾಸು

ಅಂಗಡಿ ತುಂಬ ಗಿರಾಕಿಗಳಿರುವಾಗ ಷಡ್ಡಕ ಹಾಗೆ ಕರೆಯಬಾರದಿತ್ತು. "ಸಕ್ಕರೆ ಭಾವ, ಆ ಕಪ್ಪು ಫ್ರೇಮ್ ಸ್ವಲ್ಪ ಇತ್ತ ಕೊಡಿ!" ಗಿರಾಕಿಗಳು ಕಿಸಕ್ಕನೆ ನಕ್ಕರು. ಯಾರ ಲೋಟವಾದರೂ ಸರಿ, ಕಾಫಿಯ ತಳದಲ್ಲಿ ಉಳಿದ ಸಕ್ಕರೆಯನ್ನು ಬೆರಳಿನಿಂದ ಬಳಿದು ನೆಕ್ಕುವುದು ಹಿರಿಯ ಅಳಿಯನ ಚಿಕ್ಕಂದಿನ ಚಾಳಿ. ಅದಕ್ಕೇ ಈ ಬಿರುದು. ಮಾವನ ಕನ್ನಡಕದಂಗಡಿಯಲ್ಲಿ ವರ್ಷಗಟ್ಟಲೆ ಗಾಜು ಉಜ್ಜಿ ಸವೆದವನು ತಾನು. ಮೊನ್ನೆ ಮೊನ್ನೆ ಬಂದು ಎಲ್ಲರ ಕಣ್ಮಣಿಯಾದವನು ಇವನು! ಅವನ ಮೈಯೆಲ್ಲ ಉರಿದುಹೋಯಿತು.

ಉರಿಯುವ ಬೆಂಕಿಗೆ ಮಾವನೇ ತುಪ್ಪ ಸುರಿದರು. "ನನಗೂ ಸಾಕಾಯ್ತು ಕಣ್ರಪ್ಪಾ. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲಿಗೆ ಯಾರು ಮೊದಲು ಬರ್ತೀರೋ ಬೀಗದ ಕೈ ಅವರದು. ಅಂಗಡೀನೂ ಅವರದೇ."

ಷಡ್ಡಕನೋ, ಹಕ್ಕಿಗಳಿಗಿಂತ ಮೊದಲು ಏಳುವ ಆಸಾಮಿ. ನ್ಯಾಯವಾಗಿ ಓಡಿದರೆ ಗೆಲ್ಲುವ ಮಾತೇ ಇರಲಿಲ್ಲ.

ಭಾನುವಾರ ಸಂಜೆ ಮಾವನ ನಿವೃತ್ತಿಯ ನೆಪದಲ್ಲಿ ಮನೆಯಲ್ಲೇ ಶಾಂಪೇನ್ ಕಾಕ್‌ಟೇಲ್ ಮಾಡುವುದೆಂದು ಹಿರಿಯ ಅಳಿಯ ಘೋಷಿಸಿದ. ಅದರ ವಿಧಾನವೇ ಅಪರಾಧಕ್ಕೆ ಹೇಳಿ ಮಾಡಿಸಿದಂತಿತ್ತು. ಒಂದೊಂದು ಗ್ಲಾಸಿಗೂ ಒಂದೊಂದು ಸಕ್ಕರೆ ತುಂಡು. ತುಂಡಿನ ಮೇಲೆ ಬಿಟರ್ಸ್ ಎಂಬ ಕಹಿ ರಸದ ಹನಿಗಳು, ಆಮೇಲೆ ತುಸು ಬ್ರಾಂಡಿ, ಮೇಲೆ ನೊರೆಯುಕ್ಕುವ ವೈನು. ಷಡ್ಡಕನ ಪಾಲಿನ ಸಕ್ಕರೆಗೆ ಜುಲಾಬಿನ ಪುಡಿ ಬೆರೆಸಿ, ನೀರು ಚಿಮುಕಿಸಿ, ಐಸ್ ಟ್ರೇಯಲ್ಲಿ ಅದುಮಿ ಒಣಗಿಸಿದ. ಕನ್ನಡಕದ ಸ್ಕ್ರೂ ನೋಡುವ ಭೂತಗನ್ನಡಿ ಹಿಡಿದು ನೋಡಿದರೂ ಎಳ್ಳಷ್ಟು ಅನುಮಾನ ಬರುವಂತಿರಲಿಲ್ಲ. ಪುಡಿಯ ರುಚಿಯನ್ನು ಬಿಟರ್ಸ್ ನುಂಗಿಹಾಕುತ್ತದೆ. ಗ್ಲಾಸು ಅದಲುಬದಲಾಗದಂತೆ ಷಡ್ಡಕನದಕ್ಕೆ ನಿಂಬೆ ಸಿಪ್ಪೆ, ಉಳಿದೆರಡಕ್ಕೆ ಕಿತ್ತಳೆ ಸಿಪ್ಪೆ. ಕೊನೆಗೆ ಗ್ಲಾಸು ತೊಳೆಯುವುದೂ ತಾನೇ, ಪುರಾವೆಯೂ ನೀರುಪಾಲು. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಸಂಜೆ ಎಲ್ಲ ಅಂದುಕೊಂಡಂತೆಯೇ ನಡೆಯಿತು. ಐಸಿನಲ್ಲಿ ಹೂತಿಟ್ಟು ಕೊರೆಯುವಷ್ಟು ತಣ್ಣಗಾಗಿಸಿದ್ದ ಬಾಟಲಿಯ ಬಿರಡೆಯನ್ನು ಅವನು ಸದ್ದಿಲ್ಲದೆ ತೆಗೆದ. ಅಗಲ ಬಾಯಿಯ ಗ್ಲಾಸುಗಳಲ್ಲಿ ಸಕ್ಕರೆಯಿಂದ ಗುಳ್ಳೆಗಳು ಸಾಲುಸಾಲಾಗಿ ಎದ್ದವು. ಷಡ್ಡಕ ಗಟಗಟನೆ ಏರಿಸಿ ಬಾಯಿ ಚಪ್ಪರಿಸಿದ.

"ಏನ್ ಕೈಗುಣ ಭಾವ ನಿಮ್ದು! ನಿಜ ಹೇಳ್ಲಾ? ಅಂಗಡಿ ನಿಮಗೇ ಸಿಕ್ಕಲಿ."

ಒಂದು ಕ್ಷಣ ಅವನಿಗೆ ಪಾಪ ಅನ್ನಿಸಿತು. ಆದರೆ ಗ್ಲಾಸು ಆಗಲೇ ಬರಿದಾಗಿತ್ತು.

"ನೀವೆಲ್ಲ ಕೂತಿರಿ, ಪಾತ್ರೆ ನಾನು ನೋಡ್ಕೋತೀನಿ" ಎಂದು ಅವನು ಗ್ಲಾಸುಗಳನ್ನು ಅಡುಗೆಮನೆಗೆ ಒಯ್ದ. ನಾಳೆಯಿಂದ ಅಂಗಡಿಯ ಬೋರ್ಡಿಗೆ ಯಾವ ಬಣ್ಣ ಹೊಡೆಸುವುದೆಂದು ಯೋಚಿಸುತ್ತ ನಲ್ಲಿಯ ಮುಂದೆ ನಿಂತ. ಮನಸ್ಸು ಬೋರ್ಡಿನಲ್ಲಿತ್ತು, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಬೆಳಕು ಹರಿಯುವ ಮುನ್ನವೇ ಮನೆಯ ಏಕೈಕ ಶೌಚಾಲಯದ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿನಲ್ಲಿ ಯಾರೋ ಹೊರಗಿನಿಂದ ಬಡಿದರು.

"ಭಾವ, ಆರಾಮಿದ್ದೀರಾ? ನಾನಂತೂ ವಾಕಿಂಗ್ ಮುಗಿಸಿ, ಸ್ನಾನಾನೂ ಮಾಡಿ ರೆಡಿ. ನಿಮ್ಗೋಸ್ಕರ ಕಾಯ್ಲಾ? ಒಟ್ಟಿಗೇ ಹೋಗೋಣ."

ಒಳಗಿನಿಂದ ನರಳುವ ದನಿ ಬಂತು. "ಬೇಡಪ್ಪಾ... ನೀನು ಹೋಗು."

ಚಪ್ಪಲಿಯ ಸದ್ದು ಬೀದಿಯಲ್ಲಿ ದೂರವಾಗುತ್ತಿದ್ದಂತೆ ಅವನು ಹೊಟ್ಟೆ ಹಿಡಿದುಕೊಂಡು ಲೆಕ್ಕವನ್ನೆಲ್ಲ ಮೊದಲಿನಿಂದ ತಿರುವಿಹಾಕಿದ. ಪುಡಿ ಸರಿಯಿತ್ತು, ಸಿಪ್ಪೆ ಸರಿಯಿತ್ತು, ಗ್ಲಾಸೂ ಸರಿಯಾದ ಕೈಗೇ ಹೋಗಿತ್ತು. ಆದರೆ ಕೊರೆಯುವ ವೈನಿನಲ್ಲಿ ಸಕ್ಕರೆ ಎಲ್ಲಿ ಕರಗೀತು? ಷಡ್ಡಕ ಕುಡಿದದ್ದು ಮೇಲಿನ ವೈನನ್ನು ಮಾತ್ರ. ತುಂಡು ಮೆತ್ತಗಾಗಿ, ಹಾಗೇ ತಳದಲ್ಲಿ ಕೂತಿತ್ತು. ಅವನ ಕಣ್ಣು ಮೆಲ್ಲಗೆ ತನ್ನ ಬಲಗೈಯ ತೋರುಬೆರಳಿನ ಮೇಲೆ ನಿಂತಿತು. ನಿನ್ನೆ ಸಂಜೆ, ನಲ್ಲಿ ತಿರುಗಿಸುವ ಮುನ್ನ, ಅದು ಮೂರೂ ಗ್ಲಾಸುಗಳ ತಳವನ್ನು ಚೊಕ್ಕವಾಗಿ ಬಳಿದಿತ್ತು.