ಹಲಗೆಗೆ ತೂಗಿದ ಬೀಗ

ಬೆಳಿಗ್ಗೆ ಹತ್ತಕ್ಕೆ ವಿದ್ಯುತ್ ಸ್ಥಾವರದ ನೀರಿನ ಪಂಪು ಕಿರುಚಿ ನಿಂತಿತು. ಅದರ ತಿರುಗುವ ದಂಡಕ್ಕೆ ಹಿರಿಯ ಫಿಟ್ಟರನ ಬಲಗೈ ಸುತ್ತಿಕೊಂಡಿತ್ತು. ತಲೆಬುರುಡೆ ತೆಂಗಿನಕಾಯಿಯಂತೆ ಒಡೆದಿತ್ತು.

ಇನ್‌ಸ್ಪೆಕ್ಟರಮ್ಮ ಮೊಣಕಾಲೂರಿ ನೋಡಿದರು. ಕಿತ್ತುಬಂದ ಕೈಯಿಂದ ರಕ್ತ ಹರಿದೇ ಇಲ್ಲ. ನೆಲದ ಕೆಂಪೆಲ್ಲ ತಲೆಯದು. ಪಂಪಿನಡಿ ಮೊಳದುದ್ದದ ಸ್ಪ್ಯಾನರ್, ಅದರ ಬಾಯಲ್ಲಿ ಕೂದಲು. ರಿಪೇರಿಗೆ ಮುನ್ನ ಯಾರೂ ಪಂಪು ಓಡಿಸದಂತೆ ಸ್ವಿಚ್ಚಿಗೆ ಜಡಿಯುವ ಫಿಟ್ಟರನ ಬೀಗ ಗೋಡೆಯ ಹಲಗೆಗೆ ತೂಗುತ್ತಿತ್ತು, ಕೀಲಿ ಸಮೇತ. ಅದನ್ನು ಕವರಿಗೆ ಹಾಕಿಕೊಂಡರು.

"ಆಕ್ಸಿಡೆಂಟು," ಎಂದ ಕಂಪನಿಯ ಎಂ.ಡಿ. "ಸ್ವಿಚ್ಚಿಗೆ ಬೀಗ ಹಾಕದೆ ಕೈ ಹಾಕಿದ್ದಾನೆ. ಹಣೆಬರಹ."

"ಸತ್ತ ಮೇಲೆ ಕೈಯನ್ನು ಯಂತ್ರಕ್ಕೆ ಕೊಟ್ಟಿದ್ದಾರೆ. ಇದು ಕೊಲೆ."

ಎಂ.ಡಿ. ಹತ್ತು ವರ್ಷ ಶಾಸಕನಾಗಿದ್ದವನು. ಸ್ಥಾವರಗಳಿಗೆ ಹೊರಗಿನ ತಪಾಸಣೆ ಬೇಡವೆಂಬ ಕಾಯ್ದೆಗೆ ವಿಧಾನಸಭೆಯಲ್ಲಿ ಕೈ ಎತ್ತಿದ. ಚುನಾವಣೆ ಸೋತ ವಾರಕ್ಕೇ ಇಲ್ಲಿ ಕುರ್ಚಿ ಸಿಕ್ಕಿತು. ಕಾಯ್ದೆಯ ಫಲ ಇಲ್ಲಿನ ಇಬ್ಬರು ಕೆಲಸಗಾರರು ಉಂಡರು. ಬಾಯ್ಲರ್ ಸಿಡಿದು ಬೆಂದುಹೋದರು. ಆ ಕೇಸಿಗೆ ನಾಳೆ ಕೋರ್ಟಿನಲ್ಲಿ ಎಂ.ಡಿ. ವಿರುದ್ಧ ಫಿಟ್ಟರನದೇ ಸಾಕ್ಷಿ ಇತ್ತು.

\* \* \*

ಪೇದೆಗಳು ಆಗಲೇ ಒಬ್ಬನನ್ನು ಹಿಡಿದು ತುಟಿ ಒಡೆದಿದ್ದರು. ವೆಲ್ಡರ್. ಸತ್ತವನ ಹೆಂಡತಿಯ ತಮ್ಮ.

"ನಿನ್ನೆ ಭಾವನ ಕಾಲರ್ ಹಿಡಿದೆಯಂತೆ?"

"ಹಿಡಿದೆ ಮೇಡಂ. ಸಾಕ್ಷಿ ಹೇಳ್ಬೇಡ ಅಂದೆ. ಅಕ್ಕ ಏಳು ತಿಂಗಳ ಬಸುರಿ."

"ತಲೆ ಒಡೀತೀನಿ ಅಂದೆಯಂತೆ?"

"ಮನೆಯವರಿಗೆ ಅನ್ನದೆ ಇನ್ಯಾರಿಗೆ ಅನ್ಲಿ? ನನ್ನೂ ಒಳಗೆ ಹಾಕಿದ್ರೆ ಅವಳಿಗೆ ಯಾರಿದ್ದಾರೆ?"

ಎಂ.ಡಿ. ಅವನ ಹೆಗಲು ತಟ್ಟಿದ. "ಬಿಸಿರಕ್ತ. ಒಪ್ಕೊಂಡುಬಿಡಪ್ಪ. ಶಿಕ್ಷೆ ಕಡಿಮೆ ಮಾಡಿಸ್ತೀನಿ."

\* \* \*

ಇನ್‌ಸ್ಪೆಕ್ಟರಮ್ಮ ಪಂಪಿನ ಬಳಿ ಕೆಲಸಗಾರರನ್ನೂ ಎಂ.ಡಿ.ಯನ್ನೂ ನಿಲ್ಲಿಸಿ ಎಲ್ಲರ ಕೈಗೂ ಒಂದೊಂದು ಬೀಗ ಕೊಡಿಸಿದರು.

"ರಿಪೇರಿ ಮುಗೀತು ಅಂದ್ಕೊಳ್ಳಿ. ಬೀಗ ಅದರ ಜಾಗಕ್ಕೆ ಇಡಿ. ಶಾಸಕರೇ, ಸುರಕ್ಷತಾ ದಿನ ಉದ್ಘಾಟಿಸಿದವರು ನೀವು. ನೀವೂ ತೋರಿಸಿ."

ಎಂ.ಡಿ. ಉಬ್ಬಿದ. ಫೋಟೋಕ್ಕೆ ನಿಂತಂತೆ ಹಲಗೆಯತ್ತ ನಡೆದು ಕೊಕ್ಕೆಗೆ ತೂಗುಹಾಕಿದ. ತಿರುಗಿ ನೋಡಿದರೆ ಉಳಿದವರ ಬೀಗವೆಲ್ಲ ಸೊಂಟದಲ್ಲಿತ್ತು.

"ಹಲಗೆ ಫೋಟೋಕ್ಕೆ ಮಾತ್ರ ಮೇಡಂ," ವೆಲ್ಡರ್ ರಕ್ತ ಉಗುಳಿದ. "ಬೀಗ, ಕೀಲಿ ಎರಡೂ ಮೈಮೇಲೇ ಇರ್ಬೇಕು. ಕೀಲಿ ಬೇರೆಯವನಿಗೆ ಸಿಕ್ಕಿದ್ರೆ ನಮ್ಮ ಜೀವ ಅವನ ಕೈಲಿ."

"ನಿನ್ನ ಭಾವನೂ ಬೀಗ ಹಾಕಿಯೇ ಕೆಲಸಕ್ಕೆ ಇಳಿದಿದ್ರು," ಎಂದರು ಇನ್‌ಸ್ಪೆಕ್ಟರಮ್ಮ. "ಕೊಂದವನು ಅವರ ಸೊಂಟದಿಂದ ಕೀಲಿ ತಗೊಂಡು ಬೀಗ ತೆಗೆದ, ಪಂಪು ಓಡಿಸಿದ. ಇಲ್ಲಿ ದುಡಿಯೋನಾಗಿದ್ರೆ ಬೀಗ ವಾಪಸ್ ಸೊಂಟಕ್ಕೇ ಸಿಕ್ಕಿಸ್ತಿದ್ದ. ಹಲಗೆಗೆ ತೂಗುಹಾಕೋರು ನೀವೊಬ್ಬರೇ, ಶಾಸಕರೇ. ಕೀಲಿ ಮೇಲೆ ರಕ್ತದ ಹೆಬ್ಬೆರಳ ಗುರುತಿದೆ. ನಿಮ್ಮ ಬೆರಳಚ್ಚು ಕೊಡಿ."

ಎಂ.ಡಿ. ಸ್ಪ್ಯಾನರ್ ಒಂದನ್ನು ಎಳೆದು ಬೀಸಿದ. ಇನ್‌ಸ್ಪೆಕ್ಟರಮ್ಮನ ಹುಬ್ಬು ಸೀಳಿತು. ವೆಲ್ಡರ್ ಹಣೆಯಿಂದಲೇ ಗುದ್ದಿ ಅವನ ಮೂಗು ಚಪ್ಪಟೆ ಮಾಡಿದ.

"ಸಾಕ್ಷಿ ಹೇಳ್ಬೇಡ ಅಂತ ಕೈಮುಗಿದೆ ಕಣ್ರೋ ಅವನಿಗೆ!" ಎಂ.ಡಿ. ನೆಲಕ್ಕೆ ಬಿದ್ದು ಕೂಗಿದ. "'ನಿಮ್ಮ ಕೈ ಎತ್ತೋಕಷ್ಟೇ ಸರಿ' ಅಂತ ನಕ್ಕ!"

\* \* \*

ಲಾಕಪ್ಪಿಗೆ ಬೀಗ ಜಡಿದ ಪೇದೆ ಕೀಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಹೊರಟ.

"ಅಲ್ಲಿ ಬೇಡ," ಎನ್ನುತ್ತ ಇನ್‌ಸ್ಪೆಕ್ಟರಮ್ಮ ಅದನ್ನು ಕಿತ್ತುಕೊಂಡು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು.