ಹ್ಯಾಂಡ್‌ಬ್ರೇಕಿನ ವಯರು

ಮಂಗಳವಾರ ಬೆಳಿಗ್ಗೆ ಏಳು ನಲವತ್ತಕ್ಕೆ ಸಂಖ ಊರಿನಿಂದ ಠಾಣೆಗೆ ಫೋನು ಬಂತು. ದಾಳಿಂಬೆ ತೋಟದ ಪಂಡಿತ ಸಾವಕಾರರ ಅಂಗಳದಲ್ಲಿ ನಿಂತಿದ್ದ ಜೀಪು, ಒಳಗೆ ನರಪಿಳ್ಳೆಯಿಲ್ಲದಾಗ ಮುಂದಕ್ಕೆ ಜಿಗಿದು, ಕಸ ಗುಡಿಸುತ್ತಿದ್ದ ಮಲಕವ್ವನನ್ನು ಗೋಡೆಗೆ ಒತ್ತಿತ್ತು. ಮಲಕವ್ವ ಅದೇ ಮನೆಯ ಡ್ರೈವರ್ ಹರಿಬಾನ ಹೆಂಡತಿ. ಎಡಗಾಲು ಎರಡು ಕಡೆ ಮುರಿದಿತ್ತು.

ಎಫ್‌ಐಆರ್ ದಾಖಲಾಗುವ ಮೊದಲೇ ಊರು ತೀರ್ಪು ಕೊಟ್ಟಾಗಿತ್ತು. ಐದು ದಿನದ ಹಿಂದೆ ಆ ಜೀಪಿಗೆ ರಿಮೋಟ್ ಸ್ಟಾರ್ಟರ್ ಕೂಡಿಸಿದವನು ಬಸ್ ಸ್ಟ್ಯಾಂಡಿನ ಹತ್ತಿರದ ಎಲೆಕ್ಟ್ರಿಷಿಯನ್ ತಾನಾಜಿ. ಮಾಳಿಗೆಯ ಮೇಲೆ ನಿಂತು ಗುಂಡಿ ಒತ್ತಿದರೆ ಕೆಳಗೆ ಇಂಜಿನ್ ಚಾಲೂ. ಅವತ್ತೂ ಪಂಡಿತರು ಒತ್ತಿದ್ದು ಅದನ್ನೇ. ಜನ ತಾನಾಜಿಯ ಅಂಗಡಿಗೆ ಕಲ್ಲು ತೂರಿದರು. ಸಬ್‌ಇನ್ಸ್‌ಪೆಕ್ಟರ್ ಛಾಯಾ ಅವನನ್ನು ತಂದು ಠಾಣೆಯಲ್ಲಿ ಕೂರಿಸಿದ್ದು ಆರೋಪಿಯೆಂದೋ, ಜೀವ ಉಳಿಯಲೆಂದೋ, ಅವಳಿಗೇ ಸ್ಪಷ್ಟವಿರಲಿಲ್ಲ. ಸಂಜೆಯೊಳಗೆ ಒಂದು ನಿರ್ಧಾರಕ್ಕೆ ಬರಬೇಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗಬಾರದಲ್ಲ!

ಒಂಬತ್ತೂಕಾಲಿಗೆ ಪಂಚನಾಮೆ. ಗೇರು ಒಂದರಲ್ಲಿತ್ತು, ಹ್ಯಾಂಡ್‌ಬ್ರೇಕು ಜಗ್ಗಿರಲಿಲ್ಲ. ಹವಾಲ್ದಾರ್ ಶಿವಯೋಗೆಪ್ಪ ಸ್ಟೀರಿಂಗಿನ ಕೆಳಗೆ ಮಲಗಿ ಟಾರ್ಚ್ ಬಿಟ್ಟ. ಪಕ್ಕದಲ್ಲಿ ತಾನಾಜಿಯನ್ನು ಕುಕ್ಕರಗಾಲಲ್ಲಿ ಕೂರಿಸಿದ್ದರು.

"ರಿಮೋಟಿಗಿ ಕಾಲಿಲ್ರಿ ಮ್ಯಾಡಂ, ಕ್ಲಚ್ ತುಳಿಯಾಂವ ಯಾರು? ಅದಕ್ಕ ಕ್ಲಚ್ ತುಳಿದಂಗ ಮಷಿನ್ ತಿಳ್ಕೊಳ್ಳಲಿ ಅಂತ ಅದರ ವಯರ್ ನಾನ ಜೋಡಿಸೀನಿ. ಆದ್ರ ಕಾವಲಿಗಂತ ಹ್ಯಾಂಡ್‌ಬ್ರೇಕಿನ ವಯರ್ ಕೊಟ್ಟಿದ್ದೆ. ಬ್ರೇಕ್ ಜಗ್ಗದಿದ್ರ ಗಾಡಿ ಚಾಲೂನ ಆಗೂದಿಲ್ಲ."

"ಆಗೇತಲ್ಲ?"

"ಇಲ್ನೋಡ್ರಿ." ತಾನಾಜಿ ಬೆರಳಿಟ್ಟು ತೋರಿಸಿದ. ಒಂದು ಸಣ್ಣ ವಯರನ್ನು ಕತ್ತರಿಸಿ, ತುದಿ ಹೊಸೆದು, ಜೀಪಿನ ಬಾಡಿಯ ಸ್ಕ್ರೂಗೆ ಬಿಗಿದಿದ್ದರು. "ಬಾಡಿಗಿ ತಾಗಿಸಿದ್ರ ಬ್ರೇಕ್ ಜಗ್ಗೇದ ಅಂತ ಮಷಿನ್ ತಿಳ್ಕೊಂತದ. ಇದು ನನ್ನ ಕೆಲಸ ಅಲ್ರಿ. ನಾ ಬೆಸಿಗಿ ಹಾಕ್ತೀನಿ, ಹೊಸೆಯೂದಿಲ್ಲ."

ಛಾಯಾ ಬಗ್ಗಿ ನೋಡಿದಳು. ಇಪ್ಪತ್ತು ವಯರಿನ ಗೊಂಚಲು, ಮಿಕ್ಕ ಯಾವುದಕ್ಕೂ ಚಾಕುವಿನ ಗೀರಿಲ್ಲ. ಕತ್ತರಿಸಿದವನು ಹುಡುಕಿಯೇ ಇರಲಿಲ್ಲ.

"ಬಣ್ಣ ನೋಡಿ ಕತ್ತರಿಸ್ಯಾರೇನು?"

"ಹಳೇ ಗಾಡಿ ರಿ, ಬಣ್ಣ ನಂಬಿದ್ರ ಕೆಟ್ಟಂಗ. ಟೆಸ್ಟ್ ಲ್ಯಾಂಪ್ ಹಚ್ಚಿ ಒಂದೊಂದ ನೋಡಬೇಕು. ಒಬ್ಬಾಂವ ಮ್ಯಾಲ ಕುಂತು ಬ್ರೇಕ್ ಜಗ್ಗಿ ಬಿಡಬೇಕು, ನಾ ಕೆಳಗ ಮಲಗಿ ದೀಪ ಹತ್ತತದೇನು ನೋಡಬೇಕು."

"ಅವತ್ತ ಮ್ಯಾಲ ಯಾರ್ ಕುಂತಿದ್ರು?"

"ಹರಿಬಾ ಮಾಮಾ. ದೀಪ ಹತ್ತಿದ ಕೂಡ್ಲೆ ಬಗ್ಗಿ, ಇದ ಏನು ಅಂದಾ. ಹೌದಂದೆ."

ಶಿವಯೋಗೆಪ್ಪ ಎದ್ದು ಮೈ ಕೊಡವಿಕೊಂಡ. "ಸ್ವಂತ ಹೇಣ್ತೀನ್ನ ಯಾರರ ಗ್ವಾಡಿಗಿ ಒತ್ತಸ್ತಾರೇನ್ರಿ ಮ್ಯಾಡಂ? ಬಿಡ್ರಿ."

ಛಾಯಾಳಿಗೂ ಬಿಟ್ಟುಬಿಡಬೇಕೆಂದೇ ಇತ್ತು. ಆದರೆ ಬಿಟ್ಟರೆ ಈ ತಾನಾಜಿ? ಪಂಡಿತರನ್ನು ಕೇಳಿದಳು. ಹಿಂದಿನ ಸಂಜೆ ಜೀಪು ನಿಲ್ಲಿಸಿದವನು ಹರಿಬಾ, ಕೀಲಿ ಅವನ ಹತ್ತಿರವೇ. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವಳು ಸುಮ್ಮನೆ ಕೂರಲಾರದೆ ಕಿಟಕಿಯ ಗಾಜು ಏರಿಸುತ್ತ ಇಳಿಸುತ್ತ ಇದ್ದಳು.

ಮಧ್ಯಾಹ್ನ ಮೂರೂವರೆ, ಜತ್ತದ ಆಸ್ಪತ್ರೆ. ಮಲಕವ್ವನಿಗೆ ನೋವಿಗಿಂತ ಸಿಟ್ಟೇ ಹೆಚ್ಚಾಗಿತ್ತು. "ಆ ತಾನಾಜಿನ್ನ ಬಿಡಬ್ಯಾಡ್ರಿ ಬಾಯಾರ. ಅವನ ಕೈಗಿ ಬೇಡಿ ಹಾಕ್ರಿ."

"ದಿನಾ ಅಷ್ಟೊತ್ತಿಗೆ ಮುಂದಿನ ಅಂಗಳಾನ ಗುಡಸ್ತಿಯೇನವ್ವ?"

"ದಿನಾ ರಿ. ಇವತ್ತ ನಮ್ಮವರು, ಮುಂದ ಹೋಗಬ್ಯಾಡ, ಮೊದಲ ಹಿತ್ತಲ ಗುಡಸು ಅಂದಿದ್ರು. ಯಾಕಂತ ಹೇಳ್ಲಿಲ್ಲ. ಗಂಡಸರು ಅಂದದ್ದೆಲ್ಲಾ ಕೇಳ್ಕೋತ ಕುಂತ್ರ ಕೆಲಸ ಸಾಗ್ತಾವೇನ್ರಿ?"

ಬರೆಯುತ್ತಿದ್ದ ಶಿವಯೋಗೆಪ್ಪನ ಪೆನ್ನು ನಿಂತಿತು. ಬರಿ ಎಂದು ಛಾಯಾ ಕಣ್ಣಲ್ಲೇ ಹೇಳಿದಳು. ಹೇಳಿಕೆ ಓದಿ ಹೇಳಿ ಹೆಬ್ಬೆಟ್ಟು ತೆಗೆದುಕೊಂಡರು.

ಹರಿಬಾ ಹೊರಗೆ ಚಹಾದ ಕಿಟಲಿ ಹಿಡಿದು ಬರುತ್ತಿದ್ದ.

"ಚಾಕು ಎಲ್ಲದ ಹರಿಬಾ?"

ಅವನು ಕಿಟಲಿಯನ್ನು ನೆಲಕ್ಕಿಟ್ಟ. "ಸೀಟಿನ ಕೆಳಗದ ರಿ. ಗಾಡಿ ಗ್ವಾಡಿಗಿ ಬಡೀಲಿ, ಸಾವಕಾರ್ರು ಆ ರಿಮೋಟಿನ ಮಷಿನ್ ಕಿತ್ತಿ ಒಗೀಲಿ ಅಂದ್ಕೊಂಡಿದ್ದೆ, ಅಷ್ಟ. ಅಕಿ ಹಿತ್ತಲದಾಗ ಇರ್ತಾಳಂತ..."

"ನೌಕರಿ ಹೋಗ್ತದಂತ ಅಂಜಿಕಿತ್ತೇನು?"

"ಇಲ್ರಿ. ಪಗಾರ ಅಷ್ಟ, ಕೆಲಸ ಅಷ್ಟ." ಹತ್ತೊಂಬತ್ತು ವರ್ಷ ದಿನದ ಮೊದಲ ಕೀಲಿ ಅವನೇ ತಿರುವಬೇಕಿತ್ತು. ಕೈ ತೊಳೆದು, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಚಾಲೂ ಮಾಡಬೇಕು. ಹರಿಬಾನ ಕೈಗುಣವಿಲ್ಲದೆ ಪಂಡಿತರು ಪೇಟೆಗೆ ಹೊರಡುತ್ತಿರಲಿಲ್ಲ. "ಐದ ದಿನ ಒದ್ದಿ ಕೈಲೆ ಅಂಗಳದಾಗ ನಿಂತೀನ್ರಿ. ಮ್ಯಾಲಿಂದ ಗುಂಡಿ ಒತ್ತಿ ನಕ್ಕರು. ಯಾಕ ನಿಂತಿ ಅಂತ ಒಬ್ಬರೂ ಕೇಳ್ಲಿಲ್ಲ."

ಛಾಯಾಳಿಗೆ ಕೆಡುಕೆನಿಸಿತು. ಆದರೂ ಮಾಡಿದ್ದುಣ್ಣೋ ಮಹರಾಯ, ಮತ್ತೇನು ಹೇಳುವುದು? ನಾಲ್ಕು ಐವತ್ತಕ್ಕೆ ಬಂಧನ ನಮೂದಾಯಿತು. ತಾನಾಜಿಯನ್ನು ಮನೆಗೆ ಬಿಡಲು ಠಾಣೆಗೆ ಫೋನು ಹೋಯಿತು. ಹೆಂಡತಿಗೆ ತಾನೇ ಹೇಳುತ್ತೇನೆಂದು ಹರಿಬಾ ಕೈಮುಗಿದ. ಎರಡು ನಿಮಿಷ ಕೊಟ್ಟರು.

ಮಲಕವ್ವ ಕೇಳಿಸಿಕೊಂಡಳು. "ಯಾಕಂತ ಒಂದ ಮಾತ ಹೇಳಿದ್ರ ನಾ ಹಿತ್ತಲಕ್ಕ ಹೋಗ್ತಿದ್ನೆಲ್ರೀ!" ಎಂದು ಅತ್ತಳು. ಆಮೇಲೆ ಛಾಯಾಳತ್ತ ಕೈಚಾಚಿದಳು.

"ಬಾಯಾರ, ನಾ ಬರಸಿದ್ದು ತಿರಗಿ ಕೊಡ್ರಿ."

"ಕೊಡಾಕ ಬರೂದಿಲ್ಲವ್ವ."

"ಹಿತ್ತಲದ ಮಾತು ಅಷ್ಟರ ತಗೀರಿ," ಅಂದಳು ಮಲಕವ್ವ. "ಅದನ್ನ ನಾನ ಸುಳ್ಳ ಹೇಳೀನಿ."